ಆಕ್ಸಾಲಿಪ್ಲಾಟಿನ್: ಯಾವ ದೇಶದಲ್ಲಿ ಯಾವ ಕ್ಯಾನ್ಸರಿಗೆ ಒಪ್ಪಿಗೆ? ನಮ್ಮ ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೂತು ಬಹಳ ವರ್ಷ ಆಯಿತು. ಕೀಮೋ ಔಷಧಿಗೆ ಬರುವವರ ಒಂದು ಕೈಯಲ್ಲಿ ಫೈಲ್ ಇರುತ್ತದೆ, ಇನ್ನೊಂದು ಕೈಯಲ್ಲಿ ಮೊಬೈಲ್. ಮೊಬೈಲಿನ ಆ ಕಡೆ ಮಗನೋ ಅಳಿಯನೋ ಇರುತ್ತಾರೆ, ಸಾಮಾನ್ಯವಾಗಿ ಹೊರದೇಶದಲ್ಲಿ. "ಅಮೆರಿಕದ ಚೀಟಿಯಲ್ಲಿ ಈ ಕಾಯಿಲೆಯ ಹೆಸರೇ ಇಲ್ಲವಂತೆ, ಮತ್ತೆ ಯಾಕೆ ಕೊಡ್ತಿದ್ದಾರೆ?" ಇದು ನಾನು ಅತಿ ಹೆಚ್ಚು ಕೇಳಿಸಿಕೊಂಡ ಪ್ರಶ್ನೆ. ಇಲ್ಲಿ ಚೀಟಿ ಅಂದರೆ ಡಾಕ್ಟರ್ ಬರೆದುಕೊಡುವುದಲ್ಲ, ಔಷಧಿ ಡಬ್ಬಿಯೊಳಗೆ ಮಡಚಿಟ್ಟಿರುವ, ಯಾವ ಕಾಯಿಲೆಗೆ ಸರ್ಕಾರದ ಒಪ್ಪಿಗೆ ಇದೆ ಎಂದು ಹೇಳುವ ಕಾಗದ. ನಮ್ಮ ಮನೆಯಲ್ಲೇ ಈ ಪ್ರಶ್ನೆ ಎದ್ದ ಮೇಲೆ ಬರೆದಿಡೋಣ ಅನ್ನಿಸಿತು. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಯಾರಿಗೆ ಯಾವ ಔಷಧಿ ಎಂದು ತೀರ್ಮಾನಿಸುವ ಕೆಲಸ ನನ್ನದಲ್ಲ. ಚೀಟಿ ಓದುವುದು ಹೇಗೆ ಎಂದು ಮಾತ್ರ ಹೇಳಬಲ್ಲೆ.

ಆಕ್ಸಾಲಿಪ್ಲಾಟಿನ್ ಅಂದರೆ ಏನು? ಅದರಲ್ಲಿ ನಿಜವಾಗಲೂ ಪ್ಲಾಟಿನಂ ಇದೆಯಾ?

ಇದೆ. ಒಡವೆ ಅಂಗಡಿಯಲ್ಲಿ ಉಂಗುರ ಮಾಡುವ ಅದೇ ಲೋಹ. ಔಷಧಿಯ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪ್ಲಾಟಿನಂ. 100 ಮಿಲಿಗ್ರಾಂ ಸೀಸೆಯಲ್ಲಿ ಸುಮಾರು 49 ಮಿಲಿಗ್ರಾಂ. ಒಂದು ಗುಲಗಂಜಿಯ ಅರ್ಧ ತೂಕವೂ ಆಗುವುದಿಲ್ಲ. ಕ್ಯಾನ್ಸರ್ ಕಣದೊಳಗೆ ಹೋಗಿ ಅದರ ಡಿಎನ್‌ಎ ಎಳೆಗಳಿಗೆ ಈ ಲೋಹ ಗಂಟು ಹಾಕಿದ ಹಾಗೆ ಅಂಟಿಕೊಳ್ಳುತ್ತದೆ. ಗಂಟು ಬಿದ್ದ ಎಳೆಯನ್ನು ನಕಲು ಮಾಡಲು ಆಗದೆ ಕಣ ಸಾಯುತ್ತದೆ.

ಈ ಮನೆತನದಲ್ಲಿ ದೊಡ್ಡಣ್ಣ ಸಿಸ್‌ಪ್ಲಾಟಿನ್, ಎರಡನೆಯವನು ಕಾರ್ಬೊಪ್ಲಾಟಿನ್, ಮೂರನೆಯವನು ಆಕ್ಸಾಲಿಪ್ಲಾಟಿನ್. ಮೊದಲ ಇಬ್ಬರಿಗೂ ಕರುಳಿನ ಕ್ಯಾನ್ಸರ್ ಹೆಚ್ಚುಕಮ್ಮಿ ಬಗ್ಗಲೇ ಇಲ್ಲ. ಮೂರನೆಯವನು ಬಗ್ಗಿಸಿದ. ಅವನು ಪ್ರಸಿದ್ಧನಾದದ್ದು ಅಲ್ಲಿಂದ.

ಯಾವ ಯಾವ ದೇಶದಲ್ಲಿ ಯಾವುದಕ್ಕೆ ಒಪ್ಪಿಗೆ ಇದೆ? ಸುಮ್ನೆ ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗಲ್ಲ, ನಾಲ್ಕು ಮಾತಲ್ಲಿ ಹೇಳುತ್ತೇನೆ. ಅಮೆರಿಕದಲ್ಲಿ ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಮಾತ್ರ. ಯೂರೋಪಿನಲ್ಲೂ ಅಷ್ಟೇ. ಜಪಾನಿನಲ್ಲಿ ಅದರ ಜೊತೆಗೆ ಮೇದೋಜೀರಕ ಗ್ರಂಥಿ, ಜಠರ, ಸಣ್ಣಕರುಳು. ಚೀನಾದಲ್ಲಿ ಲಿವರ್ ಕ್ಯಾನ್ಸರಿಗೂ ಇದೆ.

ಔಷಧಿ ಒಂದೇ, ಸೀಸೆಯಲ್ಲಿರುವ ಪುಡಿಯೂ ಒಂದೇ. ಅಮೆರಿಕದವರ ಜಠರ ಬೇರೆ, ಜಪಾನಿನವರ ಜಠರ ಬೇರೆ ಅಂತ ಅಲ್ಲ. ಪಟ್ಟಿ ಬೇರೆಯಾಗಿರುವುದಕ್ಕೆ ಕಾರಣ ಕಾಯಿಲೆಗಿಂತ ಕಾಗದದಲ್ಲಿ ಜಾಸ್ತಿ ಇದೆ. ಅರ್ಜಿ ಯಾರು ಹಾಕಿದರು, ಯಾವಾಗ ಹಾಕಿದರು, ಹಾಕುವ ಅಗತ್ಯ ಯಾರಿಗಿತ್ತು, ಇಷ್ಟನ್ನು ನೋಡಿದರೆ ಮುಕ್ಕಾಲು ಪಾಲು ಅರ್ಥವಾಗುತ್ತದೆ.

ನಮ್ಮ ತಾಯಿಗೆ ಜಠರದ ಕ್ಯಾನ್ಸರ್. ಅಮೆರಿಕದ ಚೀಟಿಯಲ್ಲಿ ಜಠರ ಇಲ್ಲ. ಡಾಕ್ಟರ್ ತಪ್ಪು ಮಾಡುತ್ತಿದ್ದಾರಾ?

ಇದೇ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ. ಮೂಡಿಗೆರೆ ಕಡೆಯ ನನ್ನ ಚಿಕ್ಕಮ್ಮನಿಗೆ ಜಠರದ ಕ್ಯಾನ್ಸರ್ ಆಪರೇಷನ್ ಆಗಿತ್ತು. ಆಮೇಲೆ ಕ್ಯಾಪೆಸಿಟಬಿನ್ ಮಾತ್ರೆ, ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್. ಎರಡನೇ ಸೈಕಲ್, ಅಂದರೆ ಎರಡನೇ ಸರದಿಯ ಕೀಮೋ ಹೊತ್ತಿಗೆ ನ್ಯೂಜೆರ್ಸಿಯಲ್ಲಿರುವ ಮಗ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ಅಮ್ಮಾ, ಅದು ಕರುಳಿಗೆ ಕೊಡೋ ಔಷಧಿ, ನಿಲ್ಸು" ಅಂದಿದ್ದಾನೆ. ಬೆಳಿಗ್ಗೆ ಆರಕ್ಕೆ ಚಿಕ್ಕಮ್ಮ ನನಗೆ ಫೋನ್ ಮಾಡಿ, "ಇವ್ನು ಓದಿದೋನು, ಆ ಡಾಕ್ಟ್ರೂ ಓದಿದೋರು. ನಾನ್ ಯಾರ್ ಮಾತ್ ಕೇಳ್ಲಿ ಹೇಳು" ಅಂದರು.

ಮಗ ಓದಿದ್ದು ತಪ್ಪಲ್ಲ. ಅಮೆರಿಕದ ಚೀಟಿಯಲ್ಲಿ ಜಠರ ನಿಜವಾಗಲೂ ಇಲ್ಲ. ಆದರೆ ಅವನು ಓದದೇ ಬಿಟ್ಟದ್ದು ಬೇಕಾದಷ್ಟಿತ್ತು. ಜಠರದ ಕ್ಯಾನ್ಸರ್ ಆಪರೇಷನ್ ಆದ 1035 ಜನರ ಮೇಲೆ ದಕ್ಷಿಣ ಕೊರಿಯಾ, ಚೀನಾ, ತೈವಾನ್‌ನಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಕ್ಲಾಸಿಕ್ ಅಂತ ಅದರ ಹೆಸರು, 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಅರ್ಧ ಜನರಿಗೆ ಆಪರೇಷನ್ ಮಾತ್ರ, ಉಳಿದವರಿಗೆ ಆಪರೇಷನ್ ಜೊತೆಗೆ ಚಿಕ್ಕಮ್ಮನಿಗೆ ಕೊಟ್ಟ ಇದೇ ಜೋಡಿ. ಮೂರು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಬದುಕಿದ್ದವರು ಆಪರೇಷನ್ ಮಾತ್ರ ಆದವರಲ್ಲಿ 100ಕ್ಕೆ 59, ಔಷಧಿ ತೆಗೆದುಕೊಂಡವರಲ್ಲಿ 74. ಡಾಕ್ಟರ್ ಬರೆದದ್ದು ಇದನ್ನು ನೋಡಿ. ಡಬ್ಬಿಯೊಳಗಿನ ಚೀಟಿ ನೋಡಿ ಅಲ್ಲ.

ಚೀಟಿಯಲ್ಲಿ ಇಲ್ಲದ ಕಾಯಿಲೆಗೆ ಔಷಧಿ ಬಳಸುವುದಕ್ಕೆ ಆಫ್ ಲೇಬಲ್ ಅನ್ನುತ್ತಾರೆ. ಕೇಳಲು ಕಳ್ಳ ಕೆಲಸದ ಹಾಗಿದೆ. ಕ್ಯಾನ್ಸರ್ ವಿಭಾಗದಲ್ಲಿ ಅದು ದಿನನಿತ್ಯದ ಕೆಲಸ, ನ್ಯೂಜೆರ್ಸಿಯಲ್ಲೂ. ಹಾಗಂತ ಆಫ್ ಲೇಬಲ್ ಎಲ್ಲವೂ ಸರಿ ಎಂದಲ್ಲ. ಹಿಂದೆ ಪ್ರಯೋಗದ ಬಲ ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಅದನ್ನು ಡಾಕ್ಟರನ್ನೇ ಕೇಳಿ, ಕೇಳುವ ಹಕ್ಕು ನಿಮಗಿದೆ.

ಹಾಗಾದರೆ ಅಮೆರಿಕದಲ್ಲಿ ಪಟ್ಟಿ ಯಾಕೆ ಉದ್ದ ಆಗಲಿಲ್ಲ?

ಇದರ ಕಥೆ ಚೆನ್ನಾಗಿದೆ. 2000ರಲ್ಲಿ ಕಂಪನಿ ಮೊದಲ ಸಲ ಒಪ್ಪಿಗೆ ಕೇಳಿದಾಗ ಅಲ್ಲಿನ ಸಲಹಾ ಸಮಿತಿ ಬೇಡ ಎಂದಿತು. ಗಡ್ಡೆ ಕುಗ್ಗುತ್ತದೆ ಸರಿ, ಜನ ಜಾಸ್ತಿ ದಿನ ಬದುಕುತ್ತಾರೆ ಎಂದು ತೋರಿಸಿಲ್ಲವಲ್ಲ ಅನ್ನುವುದು ಅವರ ತಕರಾರು. ಎರಡು ವರ್ಷ ಬಿಟ್ಟು ಬೇರೆ ಪ್ರಯೋಗದ ಲೆಕ್ಕ ಹಿಡಿದುಕೊಂಡು ಕಂಪನಿ ಮತ್ತೆ ಹೋಯಿತು. ಈ ಸಲ ಏಳೇ ವಾರದಲ್ಲಿ, 2002ರ ಆಗಸ್ಟಿನಲ್ಲಿ, ಒಪ್ಪಿಗೆ ಸಿಕ್ಕಿತು. ಆದರೆ ಬೇರೆ ಔಷಧಿ ಸೋತ ಮೇಲೆ ಮಾತ್ರ ಕೊಡಬೇಕು ಎಂಬ ಷರತ್ತಿನ ಮೇಲೆ. 2004ರ ಜನವರಿಯಲ್ಲಿ ಹರಡಿದ ಕರುಳಿನ ಕ್ಯಾನ್ಸರಿಗೆ ಮೊದಲ ಔಷಧಿಯಾಗಿ ಕೊಡಬಹುದು ಎಂದಾಯಿತು. ಅದೇ ವರ್ಷ ನವೆಂಬರಿನಲ್ಲಿ, ಮೂರನೇ ಹಂತದ, ಅಂದರೆ ಪಕ್ಕದ ದುಗ್ಧ ಗ್ರಂಥಿಗಳಿಗೆ ಹಬ್ಬಿದ ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಆಪರೇಷನ್ ಆದ ಮೇಲೂ ಕೊಡಬಹುದು ಎಂದಾಯಿತು.

ಅಲ್ಲಿಗೆ ಪಟ್ಟಿ ನಿಂತುಹೋಯಿತು. 2009ರಲ್ಲಿ ಅಲ್ಲಿ ಜೆನೆರಿಕ್, ಅಂದರೆ ಬೇರೆ ಕಂಪನಿಗಳು ತಯಾರಿಸುವ ಇದೇ ಔಷಧಿಗಳು ಬಂದವು. ಒಂದು ಹೊಸ ಕಾಯಿಲೆಯ ಹೆಸರು ಸೇರಿಸಲು ಕೋಟಿಗಟ್ಟಲೆ ಖರ್ಚು. ಖರ್ಚು ಮಾಡಿದವನೊಬ್ಬ, ಮಾರಿ ಲಾಭ ಮಾಡುವವರು ಹತ್ತು ಜನ. ಯಾರು ಮಾಡುತ್ತಾರೆ? ಇನ್ನೊಂದು ವಿಷಯ, ಅಲ್ಲಿ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಕ್ಯಾನ್ಸರ್ ಔಷಧಿಗೆ ಚೀಟಿಯನ್ನಷ್ಟೇ ನೋಡುವುದಿಲ್ಲ. ತಜ್ಞರು ತಯಾರಿಸಿದ ಮಾನ್ಯತೆ ಪಡೆದ ಕೈಪಿಡಿಗಳಲ್ಲಿ ಹೆಸರಿದ್ದರೂ ದುಡ್ಡು ಕೊಡುತ್ತದೆ. ದುಡ್ಡು ಬರುವುದಾದರೆ ಚೀಟಿ ತಿದ್ದಿಸುವ ಅವಸರ ಯಾರಿಗೆ, ಅಲ್ವಾ?

ತಮಾಷೆ ಎಂದರೆ, ಮುಂಬಾಗಿಲಿಂದ ಬರದ ಕಾಯಿಲೆಗಳು ಹಿತ್ತಿಲ ಬಾಗಿಲಿಂದ ಬಂದಿವೆ. 2021ರ ಏಪ್ರಿಲಿನಲ್ಲಿ ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಗೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಔಷಧಿಗೆ, ಜಠರದ ಕ್ಯಾನ್ಸರಿನಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಕೊಡಬೇಕಾದದ್ದು ಪ್ಲಾಟಿನಂ ಇರುವ ಕೀಮೋ ಜೊತೆಗೆ, ಅದರ ಪ್ರಯೋಗದಲ್ಲಿ ಬಳಸಿದ್ದು ಆಕ್ಸಾಲಿಪ್ಲಾಟಿನ್. 2024ರ ಫೆಬ್ರವರಿಯಲ್ಲಿ ಓನಿವೈಡ್ ಎಂಬ ಔಷಧಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಮೊದಲ ಔಷಧಿಯಾಗಿ ಕೊಡಲು ಒಪ್ಪಿಗೆ ಸಿಕ್ಕಿತು. ಅದರ ಚೀಟಿಯಲ್ಲಿ ಆಕ್ಸಾಲಿಪ್ಲಾಟಿನ್ ಹೆಸರು ನೇರವಾಗಿಯೇ ಇದೆ. ಅಂದರೆ ಪಕ್ಕದ ಮನೆಯವರ ಮದುವೆ ಕಾಗದದಲ್ಲಿ ನಮ್ಮ ಹೆಸರು ಅಚ್ಚಾದ ಹಾಗೆ. ಆಕ್ಸಾಲಿಪ್ಲಾಟಿನ್‌ನ ಸ್ವಂತ ಚೀಟಿಯಲ್ಲಿ ಇವತ್ತಿಗೂ ಕರುಳು ಮಾತ್ರ.

ಜಪಾನಿನ ಪಟ್ಟಿ ಉದ್ದ ಇದೆಯಲ್ಲ, ಅವರು ಅಷ್ಟು ಮುಂದೆ ಇದ್ದಾರಾ?

ಮುಂದೆಯೂ ಇದ್ದರು, ಹಿಂದೆಯೂ ಉಳಿದರು. ಈ ಔಷಧಿಯನ್ನು ಮೊದಲು ತಯಾರಿಸಿದ್ದೇ ಜಪಾನಿನ ನಗೋಯಾ ಸಿಟಿ ವಿಶ್ವವಿದ್ಯಾಲಯದ ಯೋಶಿನೋರಿ ಕಿದಾನಿ, 1976ರಲ್ಲಿ. ಆದರೆ ಮೊದಲ ಒಪ್ಪಿಗೆ ಸಿಕ್ಕಿದ್ದು ಫ್ರಾನ್ಸಿನಲ್ಲಿ, 1996ರಲ್ಲಿ. ಹುಟ್ಟಿದ ಮನೆಗೆ ಬರಲು 2005 ಆಯಿತು. ತೋಟದಲ್ಲಿ ಬೆಳೆದ ಕಾಫಿ ಹೊರದೇಶ ಸುತ್ತಿ ಡಬ್ಬಿಯಲ್ಲಿ ನಮ್ಮ ಅಂಗಡಿಗೇ ವಾಪಸ್ ಬರುವುದಿಲ್ಲವಾ, ಹಾಗೆ.

ಆಮೇಲೆ ಪಟ್ಟಿ ಬೆಳೆಯಿತು. 2013ರಲ್ಲಿ ಮೇದೋಜೀರಕ ಗ್ರಂಥಿ, ನಂತರ ಜಠರ, 2018ರಲ್ಲಿ ಸಣ್ಣಕರುಳು. ಇದಕ್ಕೆ ಕಾರಣ ಅಲ್ಲಿನ ವಿಮೆ. ಜಪಾನಿನ ರಾಷ್ಟ್ರೀಯ ಆರೋಗ್ಯ ವಿಮೆ ಸಾಮಾನ್ಯವಾಗಿ ಚೀಟಿಯಲ್ಲಿ ಇರುವುದಕ್ಕೆ ಮಾತ್ರ ದುಡ್ಡು ಕೊಡುತ್ತದೆ. ಹಾಗಾಗಿ ಅಲ್ಲಿನ ಡಾಕ್ಟರುಗಳ ಸಂಘಗಳೂ ರೋಗಿಗಳ ಗುಂಪುಗಳೂ ಚೀಟಿ ತಿದ್ದಿ ಎಂದು ಸರ್ಕಾರದ ಬೆನ್ನು ಬೀಳುತ್ತವೆ. 2010ರಿಂದ ಅದಕ್ಕೊಂದು ಸರ್ಕಾರಿ ಸಮಿತಿಯೇ ಇದೆ. ಬೇರೆ ಕಡೆ ಸಾಕಷ್ಟು ಪುರಾವೆ ಇದ್ದರೆ ಹೊಸ ಪ್ರಯೋಗ ಮಾಡದೆಯೂ ಕಾಯಿಲೆಯ ಹೆಸರು ಸೇರಿಸುವ ದಾರಿ ಇದೆ. ಸಣ್ಣಕರುಳಿನ ಕ್ಯಾನ್ಸರ್ ಬಹಳ ಅಪರೂಪ. ಯಾವ ಕಂಪನಿಯೂ ಅದಕ್ಕಾಗಿ ದುಡ್ಡು ಸುರಿಯುವುದಿಲ್ಲ. ಇಂಥ ದಾರಿ ಇಲ್ಲದಿದ್ದರೆ ಅದರ ಹೆಸರು ಚೀಟಿ ಸೇರುವುದು ಕಷ್ಟವೇ.

ಚಿಕ್ಕಮ್ಮನ ಮಗನಿಗೆ ನಾನು ಹೇಳಿದ್ದೂ ಇಷ್ಟೇ. ನೀನು ಟೋಕಿಯೋದಲ್ಲಿ ಕೆಲಸಕ್ಕೆ ಸೇರಿದ್ದಿದ್ದರೆ ಈ ಫೋನ್ ಮಾಡುತ್ತಲೇ ಇರಲಿಲ್ಲ ಕಣಯ್ಯಾ.

ಚೀನಾದಲ್ಲಿ ಲಿವರ್ ಕ್ಯಾನ್ಸರಿಗೆ ಕೊಡುತ್ತಾರಂತೆ. ಇಲ್ಲಿ ಯಾಕೆ ಕೊಡುವುದಿಲ್ಲ?

2013ರಲ್ಲಿ ಚೀನಾ ಒಪ್ಪಿಗೆ ಕೊಟ್ಟಿದ್ದು ನಿಜ. ಅದರ ಹಿಂದಿದ್ದ ಪ್ರಯೋಗದಲ್ಲಿ 371 ಜನ ಇದ್ದರು. ಆಕ್ಸಾಲಿಪ್ಲಾಟಿನ್ ಜೋಡಿ ಪಡೆದವರಲ್ಲಿ ಅರ್ಧ ಜನ 6.4 ತಿಂಗಳು, ಹಳೆಯ ಔಷಧಿ ಪಡೆದವರಲ್ಲಿ ಅರ್ಧ ಜನ ಸುಮಾರು 5 ತಿಂಗಳು ದಾಟಿ ಬದುಕಿದರು. ಮೊದಲೇ ಗೊತ್ತುಮಾಡಿಕೊಂಡಿದ್ದ ಲೆಕ್ಕದಲ್ಲಿ ಈ ವ್ಯತ್ಯಾಸ ಖಚಿತ ಅನ್ನಿಸಿಕೊಳ್ಳಲಿಲ್ಲ, ಇನ್ನಷ್ಟು ದಿನ ಕಾದು ನೋಡಿದಾಗ ಖಚಿತವಾಯಿತು. ಚೀನಾದಲ್ಲಿ ಲಿವರ್ ಕ್ಯಾನ್ಸರ್ ತುಂಬಾ ಜಾಸ್ತಿ, ಆಗ ಬೇರೆ ಔಷಧಿ ಕಡಿಮೆ ಮತ್ತು ದುಬಾರಿ. ಅವರು ಹೂಂ ಅಂದರು. ಬೇರೆ ದೇಶಗಳು ಅನ್ನಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಇಬ್ಬರದೂ ತಪ್ಪಲ್ಲ. ಆಮೇಲೆ ಲಿವರ್ ಕ್ಯಾನ್ಸರಿಗೆ ಇಮ್ಯುನೊಥೆರಪಿ ಬಂದು ಲೆಕ್ಕವೇ ಬದಲಾಗಿದೆ.

ಎರಡನೇ ಹಂತದ ಕರುಳಿನ ಕ್ಯಾನ್ಸರಿಗೆ ಯಾಕಿಲ್ಲ? ಮೂರನೆಯದಕ್ಕೆ ಇದೆಯಲ್ಲ.

ಮೊಸಾಯಿಕ್ ಎಂಬ ಪ್ರಯೋಗದಲ್ಲಿ 2246 ಜನ ಇದ್ದರು, ಎರಡನೇ ಹಂತದವರೂ ಮೂರನೇ ಹಂತದವರೂ ಸೇರಿ. ಒಟ್ಟಾರೆ ಮೂರು ವರ್ಷಕ್ಕೆ ಕಾಯಿಲೆ ಮರಳದವರು 100ಕ್ಕೆ 73ರಿಂದ 78ಕ್ಕೆ ಏರಿದರು. ಬಿಡಿಸಿ ನೋಡಿದರೆ ಲಾಭ ಗಟ್ಟಿಯಾಗಿ ಕಂಡದ್ದು ಮೂರನೇ ಹಂತದವರಲ್ಲಿ. ಹಾಗಾಗಿ ಅಮೆರಿಕ, ಯೂರೋಪ್ ಎರಡೂ ಅಷ್ಟಕ್ಕೇ ಮುದ್ರೆ ಒತ್ತಿದವು.

ನಮ್ಮ ದೇಶದಲ್ಲಿ ಒಪ್ಪಿಗೆ ಯಾರು ಕೊಡುತ್ತಾರೆ?

ದೆಹಲಿಯಲ್ಲಿರುವ ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ. ಅದರ ಮುಖ್ಯಸ್ಥರನ್ನು ಡ್ರಗ್ಸ್ ಕಂಟ್ರೋಲರ್ ಜನರಲ್ ಅನ್ನುತ್ತಾರೆ. 2019ರ ಹೊಸ ಔಷಧಿ ನಿಯಮಗಳ ಪ್ರಕಾರ ಹಳೆಯ ಔಷಧಿಯನ್ನು ಹೊಸ ಕಾಯಿಲೆಗೆ ಮಾರಬೇಕೆಂದರೂ ಅದನ್ನು ಹೊಸ ಔಷಧಿಯಂತೆಯೇ ನೋಡುತ್ತಾರೆ, ಮತ್ತೆ ಅರ್ಜಿ ಹಾಕಬೇಕು. ಇಲ್ಲಿ ಸಿಗುವ ಆಕ್ಸಾಲಿಪ್ಲಾಟಿನ್ ಡಬ್ಬಿ ಯಾವುದನ್ನು ಬಿಚ್ಚಿದರೂ ಚೀಟಿಯಲ್ಲಿ ಮುಖ್ಯವಾಗಿ ಕಾಣುವುದು ಕರುಳೇ. ಔಷಧಿ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇದೆ, ಆದ್ದರಿಂದ ಗರಿಷ್ಠ ಬೆಲೆಯನ್ನು ಸರ್ಕಾರವೇ ಕಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಹೆಸರಿದೆ.

ಒಂದು ಗುಟ್ಟು ಹೇಳುತ್ತೇನೆ. ಡಬ್ಬಿಯ ಆ ಚೀಟಿಯನ್ನು ನಮ್ಮಲ್ಲಿ ಪೂರ್ತಿ ಓದುವವರು ಬಹಳ ಕಡಿಮೆ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರ, ಎಂಟು ಮಡಿಕೆ. ನಾನೂ ಕನ್ನಡಕ ತೆಗೆದು ಕಣ್ಣಿಗೆ ಹತ್ತಿರ ಹಿಡಿದೇ ಓದುವುದು.

ಅಣ್ಣ ಸಿಸ್‌ಪ್ಲಾಟಿನ್‌ನ ಕಥೆಯೂ ಹೀಗೇನಾ?

ಇನ್ನೂ ವಿಚಿತ್ರ. 1978ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು ವೃಷಣ ಮತ್ತು ಅಂಡಾಶಯದ ಕ್ಯಾನ್ಸರಿಗೆ. ಮುಂದೆ ಮೂತ್ರಕೋಶ ಸೇರಿತು. ಯೂರೋಪಿನ ಚೀಟಿಗಳಲ್ಲಿ ಶ್ವಾಸಕೋಶ, ತಲೆ ಮತ್ತು ಕುತ್ತಿಗೆಯ ಭಾಗ, ಕರೆಂಟ್ ಜೊತೆಗೆ ಗರ್ಭಕೊರಳು, ಎಲ್ಲ ಇದೆ. ಕರೆಂಟ್ ಅಂದರೆ ರೇಡಿಯೇಷನ್, ನಮ್ಮ ಕಡೆ ಹಾಗೆ ಹೇಳುವುದು ರೂಢಿ. ಐದು ಪ್ರಯೋಗಗಳು ಒಟ್ಟಿಗೆ ಒಂದೇ ಮಾತು ಹೇಳಿದ್ದರಿಂದ 1999ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯೇ ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೊಡುವುದನ್ನು ಗಂಭೀರವಾಗಿ ಯೋಚಿಸಿ ಎಂದು ಡಾಕ್ಟರುಗಳಿಗೆ ತಿಳಿಸಿತು. ಚೀಟಿ ಮಾತ್ರ ಇದ್ದಲ್ಲೇ ಇತ್ತು.

ನಮ್ಮ ಕೌಂಟರಿನಲ್ಲಿ ಸಿಸ್‌ಪ್ಲಾಟಿನ್ ಹೋಗುವುದು ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೇ ಜಾಸ್ತಿ. ಕಡೂರು, ತರೀಕೆರೆ, ಬೀರೂರು ಕಡೆಯಿಂದ ಬರುವವರು ಅಡಿಕೆ ಬೆಳೆಯುವವರು, ಸುಲಿಯುವವರು, ದವಡೆಯಲ್ಲಿ ಇಟ್ಟುಕೊಂಡೇ ಕೆಲಸ ಮಾಡುವವರು. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ನಮ್ಮ ಕಡೆ ಈ ಮಾತು ಹೇಳಿದರೆ ಬೈಸಿಕೊಳ್ಳಬೇಕು. ನಮ್ಮ ಮಾವನ ಮನೆಯ ಅನ್ನವೂ ಅಡಿಕೆಯದೇ. ಆದರೂ ಕೌಂಟರಿನಲ್ಲಿ ಕೂತು ದಿನಾ ನೋಡುವುದನ್ನು ಇಲ್ಲ ಅನ್ನುವುದು ಹೇಗೆ?

ಎರಡನೆಯವನು ಕಾರ್ಬೊಪ್ಲಾಟಿನ್ ಅಮೆರಿಕಕ್ಕೆ ಬಂದದ್ದು 1989ರಲ್ಲಿ. ಅಲ್ಲಿನ ಚೀಟಿಯಲ್ಲಿ ಅಂಡಾಶಯ ಮಾತ್ರ. ಬ್ರಿಟನ್ನಿನಲ್ಲಿ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರೂ ಸೇರಿದೆ. ಬಳಕೆಯಲ್ಲಿ ನೋಡಿದರೆ ಪ್ರಪಂಚದ ಎಲ್ಲ ಕಡೆ ಶ್ವಾಸಕೋಶಕ್ಕೆ ಕೊಡುತ್ತಾರೆ.

ಒಂದೇ ದೇಶದಲ್ಲಿ ಮಾತ್ರ ಸಿಗುವ ಪ್ಲಾಟಿನಂ ಔಷಧಿ ಇದೆಯಂತೆ?

ಒಂದೆರಡು ದೇಶಕ್ಕೇ ಸೀಮಿತವಾದವು ಇವೆ. ಜಪಾನಿನ ನೆಡಾಪ್ಲಾಟಿನ್ 1995ರದ್ದು, ಅದು ಚೀನಾದಲ್ಲೂ ಇದೆ. ಲಿವರ್ ಕ್ಯಾನ್ಸರಿಗೆ ಎಣ್ಣೆಯಂಥ ದ್ರವದಲ್ಲಿ ಕಲಸಿ ನೇರ ಲಿವರಿನ ರಕ್ತನಾಳಕ್ಕೆ ಬಿಡುವ ಮಿರಿಪ್ಲಾಟಿನ್ ಕೂಡ ಅಲ್ಲಿಯದೇ. ಚೀನಾದಲ್ಲಿ ಲೋಬಾಪ್ಲಾಟಿನ್. ದಕ್ಷಿಣ ಕೊರಿಯಾದಲ್ಲಿ ಜಠರದ ಕ್ಯಾನ್ಸರಿಗೆಂದು ಹೆಪ್ಟಾಪ್ಲಾಟಿನ್, 1999. ಇವು ಊರಲ್ಲಿ ಹೆಸರು ಮಾಡಿ ತಾಲೂಕು ದಾಟದ ಪೈಲ್ವಾನರ ಹಾಗೆ. ಅಣ್ಣತಮ್ಮಂದಿರಿಗಿಂತ ಮೇಲು ಎಂದು ಪ್ರಪಂಚಕ್ಕೆ ತೋರಿಸಲು ಆಗಿಲ್ಲ. ಇವುಗಳ ಹಿಂದೆ ಓಡಬೇಡಿ.

ನಮಗೆ ಮೂರು ವಾರಕ್ಕೊಮ್ಮೆ 130, ಪಕ್ಕದ ಬೆಡ್‌ನವರಿಗೆ ಎರಡು ವಾರಕ್ಕೊಮ್ಮೆ 85. ಯಾಕೆ?

ಮೈಯ ಒಂದು ಚದರ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ ಅದು. ಡ್ರಿಪ್‌ನಲ್ಲೇ ಎಲ್ಲ ಔಷಧಿ ಕೊಡುವ ಫೋಲ್ಫಾಕ್ಸ್ ಪದ್ಧತಿಯಲ್ಲಿ 85, ಮಾತ್ರೆ ಜೊತೆ ಕೊಡುವ ಕೇಪಾಕ್ಸ್ ಪದ್ಧತಿಯಲ್ಲಿ 130. ಇಲ್ಲೂ ಚೀಟಿಗಳ ಜಗಳ ಇದೆ. ಅಮೆರಿಕದ ಚೀಟಿಯಲ್ಲಿ ಇರುವುದು 85 ಮಾತ್ರ, ಜಪಾನಿನದರಲ್ಲಿ ಎರಡೂ ಇವೆ. ಮಾತ್ರೆಯ ಪದ್ಧತಿ ದೂರದೂರಿನವರಿಗೆ ಅನುಕೂಲ. ಕೊಪ್ಪದಿಂದಲೋ ಶೃಂಗೇರಿಯಿಂದಲೋ ಬರುವವರು ಎರಡು ದಿನ ಔಷಧಿ ಹನಿಸುವ ಪಂಪ್ ಕಟ್ಟಿಕೊಂಡು ಕೂರಬೇಕಾಗಿಲ್ಲ, ಮೂರು ವಾರಕ್ಕೊಮ್ಮೆ ಬಂದರೆ ಸಾಕು.

ಮೂರು ತಿಂಗಳು ಸಾಕಾ, ಆರು ತಿಂಗಳು ಬೇಕಾ ಎಂದೂ ಕೇಳುತ್ತಾರೆ. ಚೀಟಿ ಹೇಳುವುದು ಆರು ತಿಂಗಳು. 2018ರಲ್ಲಿ ಆರು ಪ್ರಯೋಗಗಳ 12,834 ಜನರ ಲೆಕ್ಕ ಒಟ್ಟು ಹಾಕಿ ನೋಡಿದಾಗ, ಮೂರನೇ ಹಂತದಲ್ಲೂ ಅಪಾಯ ಕಡಿಮೆ ಇರುವವರಿಗೆ ಕೇಪಾಕ್ಸ್ ಪದ್ಧತಿಯಲ್ಲಿ ಮೂರು ತಿಂಗಳು ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡುತ್ತದೆ ಎಂದು ಕಂಡಿತು. ಕೈಕಾಲು ಜೋಮು ಬಹಳ ಕಡಿಮೆ. ಇದು ದೊಡ್ಡಕರುಳಿನ ಮಾತು, ಜಠರಕ್ಕೆ ಹಾಗೇ ಹೊಂದಿಸಬೇಡಿ.

ತಣ್ಣೀರು ಮುಟ್ಟಬೇಡಿ ಎಂದಿದ್ದಾರೆ. ನಮ್ಮೂರ ಚಳಿಯಲ್ಲಿ ಅದು ಸಾಧ್ಯವಾ?

ಯಾವ ದೇಶದ ಚೀಟಿಯಾದರೂ ಈ ಮಾತು ಇದ್ದೇ ಇರುತ್ತದೆ. ಮತ್ತೆ ಇದೇ ನಮ್ಮ ಜಿಲ್ಲೆಗಳಿಗೆ ಅತಿ ಮುಖ್ಯವಾದದ್ದು. ಡ್ರಿಪ್ ಹಾಕಿದ ಕೆಲವೇ ಗಂಟೆಗಳಲ್ಲಿ ನರಗಳು ತಂಪಿಗೆ ವಿಪರೀತ ಸೂಕ್ಷ್ಮವಾಗುತ್ತವೆ. ತಣ್ಣೀರು ಮುಟ್ಟಿದರೆ ಸೂಜಿ ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ ಆಗುತ್ತದೆ. ತಣ್ಣಗಿರುವುದನ್ನು ಕುಡಿದರೆ ಗಂಟಲು ಬಿಗಿಯುತ್ತದೆ. ಕೆಲವು ದಿನದಲ್ಲಿ ಇಳಿಯುತ್ತದೆ, ಮುಂದಿನ ಸೈಕಲ್‌ಗೆ ಮತ್ತೆ ಬರುತ್ತದೆ.

ಚಿಕ್ಕಮ್ಮನ ಎರಡನೇ ಸೈಕಲ್ ಡಿಸೆಂಬರಿನಲ್ಲಿ ಬಿತ್ತು. ಮಾರನೇ ದಿನ ಬೆಳಿಗ್ಗೆ ಅಭ್ಯಾಸಬಲದಿಂದ ಹಿತ್ತಿಲ ನಲ್ಲಿ ತಿರುಗಿಸಿ ಸ್ಟೀಲ್ ಚೊಂಬು ಹಿಡಿದಿದ್ದಾರೆ. ಚೊಂಬು ಕೈಯಿಂದ ಹಾರಿ ಕಲ್ಲಿನ ಮೇಲೆ ಬಿತ್ತು. "ಹಾವು ಕಚ್ದಂಗಾಯ್ತು" ಅಂದರು. ಅವತ್ತಿಂದ ಬಚ್ಚಲ ಹಂಡೆಗೆ ಎರಡು ಹೊತ್ತು ಉರಿ. ಚೊಂಬಿನ ಜಾಗಕ್ಕೆ ಪ್ಲಾಸ್ಟಿಕ್ ಜಗ್. ಫ್ರಿಜ್ ಬಾಗಿಲಿನ ಹಿಡಿಕೆಗೆ ಹಳೇ ಸೀರೆ ತುಂಡು ಸುತ್ತಿದರು, ಮೊಸರು ತೆಗೆಯುವ ಕೆಲಸ ಸೊಸೆಗೆ ಹೋಯಿತು. ಬೆಳಗಿನ ಮಂಜು ಇಳಿಯುವವರೆಗೆ ಕಾಫಿ ಒಣಗಿಸುವ ಕಣದ ಕಡೆ ಹೋಗುತ್ತಿರಲಿಲ್ಲ. ಹೋದರೂ ಕೈಗೆ ಗ್ಲೌಸ್, ಮೂಗು ಬಾಯಿ ಮುಚ್ಚಿ ಮಫ್ಲರ್. ತಣ್ಣನೆ ಗಾಳಿ ಒಳಗೆ ಎಳೆದುಕೊಂಡರೂ ಗಂಟಲು ಹಿಡಿಯುತ್ತದೆ. ಬೈಕಿನಲ್ಲಿ ಕೂರಿಸಿಕೊಂಡು ಹೋಗಬೇಡಿ.

ಗಂಟಲು ಬಿಗಿದು ಉಸಿರೇ ನಿಂತಂತಾದರೆ ಗಾಬರಿಯಾಗುತ್ತದೆ, ಸಹಜ. ಬೆಚ್ಚಗಿನ ಜಾಗಕ್ಕೆ ಬನ್ನಿ, ಬಿಸಿನೀರು ಗುಟುಕರಿಸಿ, ಆಸ್ಪತ್ರೆಗೆ ಫೋನ್ ಮಾಡಿ. ಸಾಮಾನ್ಯವಾಗಿ ಅದು ತಾನೇ ಸಡಿಲವಾಗುತ್ತದೆ. ಮುಂದಿನ ಸಲ ಎರಡು ಗಂಟೆಯ ಡ್ರಿಪ್ಪನ್ನು ಆರು ಗಂಟೆಗೆ ನಿಧಾನ ಮಾಡುವುದುಂಟು. ಆದರೆ ಮೈ ತುರಿಸಿ, ದದ್ದು ಎದ್ದು, ಮುಖ ಊದಿಕೊಂಡರೆ ಅದು ಅಲರ್ಜಿ, ಬೇರೆಯದೇ ವಿಷಯ. ಹಲವು ಸೈಕಲ್ ಆರಾಮವಾಗಿ ಕಳೆದ ಮೇಲೂ ಬರಬಹುದು. ತಕ್ಷಣ ನರ್ಸ್‌ಗೆ ಹೇಳಿ. ಮನೆಯಲ್ಲಿದ್ದರೆ ಹೊರಟುಬಿಡಿ.

ಜೋಮು ಖಾಯಂ ಉಳಿಯುತ್ತದಾ?

ತಂಪಿನ ಚುಚ್ಚು ಬೇರೆ, ಈ ಜೋಮು ಬೇರೆ. ಇದು ಡೋಸ್ ಕೂಡಿದಷ್ಟೂ ಬೆಳೆಯುತ್ತದೆ. ಯೂರೋಪಿನ ಚೀಟಿ ಲೆಕ್ಕ ಕೊಡುತ್ತದೆ. 85ರಂತೆ 10 ಸೈಕಲ್ ಆದಾಗ, ಅಂದರೆ ಒಟ್ಟು 850 ಆದಾಗ, ಹೋಗದೇ ಉಳಿಯುವ ಜೋಮಿನ ಸಾಧ್ಯತೆ 100ಕ್ಕೆ ಸುಮಾರು 10. 12 ಸೈಕಲ್, 1020 ಆದಾಗ ಸುಮಾರು 20. ಔಷಧಿ ನಿಂತ ಮೇಲೂ ಕೆಲವು ತಿಂಗಳು ಜಾಸ್ತಿಯಾಗಿ ಆಮೇಲೆ ನಿಧಾನಕ್ಕೆ ಇಳಿಯುವುದುಂಟು.

ಆದ್ದರಿಂದ ಮುಚ್ಚಿಡಬೇಡಿ. "ಹೇಳಿದ್ರೆ ಔಷಧಿ ನಿಲ್ಲಿಸ್ತಾರೆ" ಎಂದು ಸುಮ್ಮನಿರುವವರು ಬಹಳ. ರವಿಕೆ ಹುಕ್ ಹಾಕಲು ಆಗುತ್ತಿದೆಯಾ, ಹೂ ಕಟ್ಟಲು ಬರುತ್ತಿದೆಯಾ, ಕಾಲಿನ ಚಪ್ಪಲಿ ಜಾರಿದ್ದು ಗೊತ್ತಾಗುತ್ತಾ, ಇಷ್ಟನ್ನು ಗಮನಿಸಿ ಪ್ರತಿ ಸಲ ಡಾಕ್ಟರಿಗೆ ಹೇಳಿ. ಕಾಫಿ ಹಣ್ಣು ಬಿಡಿಸುವವರ ಹೊಟ್ಟೆಪಾಡೇ ಬೆರಳ ತುದಿಯಲ್ಲಿದೆ, ಅದನ್ನೂ ಹೇಳಿ. ಆಕ್ಸಾಲಿಪ್ಲಾಟಿನ್ ಮಾತ್ರ ಬಿಟ್ಟು ಉಳಿದ ಔಷಧಿ ಮುಂದುವರಿಸುವ ದಾರಿಯೂ ಇರುತ್ತದೆ.

ನನಗೆ ಶುಗರ್ ಇದೆ. ಗ್ಲೂಕೋಸ್ ಬಾಟಲಿಗೇ ಯಾಕೆ ಹಾಕುತ್ತಾರೆ? ಸಲೈನ್‌ಗೆ ಹಾಕಿ ಎಂದರೆ ಕೇಳುತ್ತಿಲ್ಲ.

ಕೇಳದಿರುವುದೇ ಒಳ್ಳೆಯದು. ಸಲೈನ್ ಅಂದರೆ ಉಪ್ಪುನೀರು. ಉಪ್ಪಿನಲ್ಲಿರುವ ಕ್ಲೋರೈಡ್ ತಗುಲಿದರೆ ಆಕ್ಸಾಲಿಪ್ಲಾಟಿನ್ ಕೆಟ್ಟುಹೋಗುತ್ತದೆ. ಹಾಗಾಗಿ 5 ಪರ್ಸೆಂಟ್ ಗ್ಲೂಕೋಸ್‌ಗೇ ಬೆರೆಸಬೇಕು, ಎಲ್ಲ ದೇಶದ ಚೀಟಿಗಳೂ ಇಲ್ಲಿ ಒಂದೇ ಮಾತು. 250 ಮಿಲಿಲೀಟರ್‌ನಲ್ಲಿ ಇರುವ ಸಕ್ಕರೆ 12.5 ಗ್ರಾಂ, ಮೂರು ಚಮಚದಷ್ಟು. ಅರ್ಧ ಲೀಟರ್ ಆದರೆ ಅದರ ಎರಡರಷ್ಟು. ಆ ದಿನ ಶುಗರ್ ನೋಡಿಸಿಕೊಳ್ಳಿ, ಸಾಕು. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಸೂಜಿಯಿಂದ ಶುಗರ್ ಏರುವುದೇ ಜಾಸ್ತಿ.

ಚೀಟಿಯಲ್ಲಿ ಇಲ್ಲದ ಕಾಯಿಲೆಗೆ ಆಯುಷ್ಮಾನ್ ಕಾರ್ಡ್ ನಡೆಯುತ್ತದಾ? ಖಾಸಗಿ ವಿಮೆ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಡಬ್ಬಿಯ ಚೀಟಿ ನೋಡುವುದಿಲ್ಲ, ಪ್ಯಾಕೇಜ್ ಪಟ್ಟಿ ನೋಡುತ್ತಾರೆ. ಯಾವ ಕ್ಯಾನ್ಸರಿಗೆ ಯಾವ ಕೀಮೋ ಜೋಡಿ ಎಂದು ಅದರಲ್ಲಿ ಬರೆದಿರುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಹತ್ತಿರ ಮೊದಲನೇ ಸೈಕಲ್‌ಗೆ ಮುಂಚೆಯೇ ಕೂತು ಮಾತಾಡಿ. ಬೆಂಗಳೂರಿನ ಕಿದ್ವಾಯಿಗೆ ಹೋಗುವವರೂ ಕಾರ್ಡು, ರೆಫರಲ್ ಪತ್ರ ಇಟ್ಟುಕೊಂಡೇ ಬಸ್ ಹತ್ತಿ. ಅದಕ್ಕಾಗಿ ಮತ್ತೆ ಊರಿಗೆ ಬಂದು ಹೋದವರನ್ನು ಕಂಡಿದ್ದೇನೆ.

ಖಾಸಗಿ ವಿಮೆಯವರು ಒಮ್ಮೊಮ್ಮೆ ಚೀಟಿ ಹಿಡಿದು ತಗಾದೆ ತೆಗೆಯುತ್ತಾರೆ. ಚಿಕ್ಕಮ್ಮನ ಕ್ಲೇಮ್ ಒಂದು ಸಲ "ಅನುಮೋದಿತ ಬಳಕೆಯಲ್ಲ" ಎಂಬ ಒಂದೇ ಸಾಲಿನಲ್ಲಿ ವಾಪಸ್ ಬಂತು. ಡಾಕ್ಟರು ಒಂದು ಪುಟದ ಪತ್ರ ಬರೆದುಕೊಟ್ಟರು. ಕಾಯಿಲೆಯ ಹಂತ, ಪ್ರಯೋಗದ ಹೆಸರು, ಇದು ಎಲ್ಲೆಡೆ ಕೊಡುವ ಚಿಕಿತ್ಸೆ ಎಂಬ ಮಾತು, ಅಷ್ಟೇ. ಎರಡು ತಿಂಗಳು ಓಡಾಡಿಸಿ ದುಡ್ಡು ಕೊಟ್ಟರು. ಆ ಪತ್ರವನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

ಮಗ ಅಮೆರಿಕದಿಂದ ಔಷಧಿ ಕಳಿಸುತ್ತೇನೆ ಎನ್ನುತ್ತಾನೆ. ಅದು ಒಳ್ಳೆಯದಾ?

ಬೇಡ. ಅಲ್ಲಿ ಮಾರುವ ಪ್ಲಾಟಿನಂ ಔಷಧಿಗಳಲ್ಲಿ ಎಷ್ಟೋ ನಮ್ಮ ದೇಶದಲ್ಲೇ ತಯಾರಾಗುವಂಥವು. 2023ರಲ್ಲಿ ಅಮೆರಿಕದ ತುಂಬ ಸಿಸ್‌ಪ್ಲಾಟಿನ್‌ಗೆ ಬರ ಬಂದದ್ದು ಗುಜರಾತಿನ ಒಂದು ಕಾರ್ಖಾನೆಯಲ್ಲಿ ತಯಾರಿಕೆ ನಿಂತಿದ್ದಕ್ಕೆ. ಕೊನೆಗೆ ಅವರು ಚೀನಾದಿಂದ ತರಿಸಿಕೊಂಡರು. ಇಲ್ಲಿಂದ ಹೋದದ್ದನ್ನು ಅಲ್ಲಿಂದ ತರಿಸುವುದು ಯಾಕೆ?

ಕೀಮೋ ಆದ ದಿನವೇ ಘಾಟಿ ಹತ್ತಿ ಊರಿಗೆ ಬರಬಹುದಾ?

ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುವ ಮೂಡಿಗೆರೆ, ಸಕಲೇಶಪುರ ಕಡೆಯವರ ಪ್ರಶ್ನೆ ಇದು. ಡಾಕ್ಟರ್ ಕಳಿಸಿದರೆ ಬರಬಹುದು. ಕೆಳಗೆ ಮಂಗಳೂರಿನಲ್ಲಿ ಸೆಕೆ, ಮೇಲೆ ಕೊಟ್ಟಿಗೆಹಾರದಲ್ಲಿ ಕಾರಿನ ಬಾಗಿಲು ತೆಗೆದರೆ ಮಂಜು. ಆ ಎರಡು ಗಂಟೆಯಲ್ಲಿ ಹವೆ ಪೂರ್ತಿ ಬದಲಾಗುತ್ತದೆ, ಜನ ಮರೆಯುವುದು ಅಲ್ಲೇ. ಕಿಟಕಿ ಏರಿಸಿ, ಎಸಿ ಬೇಡ. ಫ್ಲಾಸ್ಕಿನಲ್ಲಿ ಬಿಸಿನೀರು, ಸ್ವೆಟರ್, ಸಾಕ್ಸ್ ಚಾರ್ಮಾಡಿ ಶುರುವಾಗುವ ಮುಂಚೆಯೇ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ವಾಂತಿ ಮಾತ್ರೆ ತಿರುವುಗಳು ಬರುವ ಮೊದಲೇ ನುಂಗಿಸಿ. ಊರಿಗೆ ಬಂದ ಮೇಲೆ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ "ಕೀಮೋ ನಡೀತಿದೆ" ಎಂದು ಬಾಗಿಲಲ್ಲೇ ಹೇಳಿ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವ ಮನಸ್ಸಾದರೆ ನಿಲ್ಲಿ, ಚಿಕ್ಕಮ್ಮನೂ ಪ್ರತಿ ಸಲ ನಿಲ್ಲಿಸುತ್ತಿದ್ದರು. ದೋಸೆ ಕಾರಿನೊಳಕ್ಕೇ ತರಿಸಿ, ಕೈ ತೊಳೆಯಲು ಫ್ಲಾಸ್ಕಿನ ನೀರು.